ಆಲೆಮನೆಯಲ್ಲಿ ಸಿಕ್ಕ ಯಂತ್ರ ಆಂಬುಲೆನ್ಸ್ ಹತ್ತಬಹುದೇ?

ಟಾರ್ಚಿನಷ್ಟು ದೊಡ್ಡ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸಾಧನವೊಂದನ್ನು ಮೊಬೈಲಿಗೆ ಜೋಡಿಸಿ ಗಾಯಾಳುವಿನ ಪಕ್ಕೆಗೆ ಒತ್ತಿ ಹಿಡಿದರೆ, ಹೊಟ್ಟೆಯೊಳಗೆ ರಕ್ತ ಸೋರುತ್ತಿದೆಯೇ ಎಂಬುದು ಪರದೆಯ ಮೇಲೆ ಕಾಣುತ್ತದೆ. ಕೆಲವು ದೇಶಗಳಲ್ಲಿ ಆಂಬುಲೆನ್ಸ್ ಸಿಬ್ಬಂದಿ ಇದನ್ನು ರಸ್ತೆಯಲ್ಲೇ ಬಳಸುತ್ತಿದ್ದಾರೆ ಎಂಬ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಪುಟ ಮಗುಚಿದರೆ ಇನ್ನೊಂದು ಸುದ್ದಿ: ಅಂಥದೇ ಯಂತ್ರವನ್ನು ಅಧಿಕಾರಿಗಳು ದಾಳಿ ಮಾಡಿ ಜಪ್ತಿ ಮಾಡಿದ್ದಾರೆ, ಇಟ್ಟುಕೊಂಡವರು ಜೈಲು ಸೇರಿದ್ದಾರೆ. ಒಂದೇ ವಸ್ತು ಒಂದು ಕಡೆ ಜೀವರಕ್ಷಕ, ಇನ್ನೊಂದು ಕಡೆ ಅಪರಾಧದ ಸಾಕ್ಷ್ಯ. ಓದುಗರಿಗೆ ಗೊಂದಲವಾಗದಿದ್ದರೆ ಅದೇ ಆಶ್ಚರ್ಯ.

ಮಂಡ್ಯ ಮತ್ತು ಮೈಸೂರಿನವರಿಗೆ ಈ ಗೊಂದಲ ಇನ್ನೂ ಹತ್ತಿರದ್ದು. 2023ರ ನವೆಂಬರ್ ತಿಂಗಳನ್ನು ನೆನಪಿಸಿಕೊಳ್ಳಿ. ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಹೆಣ್ಣು ಭ್ರೂಣ ಹತ್ಯೆ ಜಾಲದ ಬೇರು ಮಂಡ್ಯದ ಒಂದು ಆಲೆಮನೆಯಲ್ಲಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಗರ್ಭಿಣಿಯರಿಗೆ ಸ್ಕ್ಯಾನಿಂಗ್ ನಡೆಯುತ್ತಿತ್ತು. ಎರಡು ವರ್ಷಗಳಲ್ಲಿ ಸುಮಾರು 900 ಗರ್ಭಪಾತಗಳಾಗಿವೆ ಎಂದು ಪೊಲೀಸರು ಅಂದಾಜಿಸಿದರು. ಪ್ರಕರಣದ ಎಳೆ ಮೈಸೂರಿನ ಆಸ್ಪತ್ರೆಯವರೆಗೂ ಹೋಯಿತು, ಮುಂದೆ ತನಿಖೆ ಸಿಐಡಿಗೆ ಸೇರಿತು. ಅದೇ ತಿಂಗಳ ಕೊನೆಯಲ್ಲಿ ಮುಖ್ಯಮಂತ್ರಿಗಳು 108 ಸೇವೆಗೆ 262 ಹೊಸ ಆಂಬುಲೆನ್ಸ್‌ಗಳಿಗೆ ಹಸಿರು ನಿಶಾನೆ ತೋರಿದರು. ಈ ಎರಡು ಸುದ್ದಿಗಳಿಗೂ ಸಂಬಂಧವಿದೆ ಎಂದು ಆಗ ಯಾರಿಗೂ ಅನ್ನಿಸಿರಲಿಲ್ಲ. ಆಂಬುಲೆನ್ಸ್‌ನಲ್ಲಿ ಸ್ಕ್ಯಾನಿಂಗ್ ಯಂತ್ರ ಏಕಿಲ್ಲ ಎಂದು ಕೇಳಿದ ಕೂಡಲೇ ಎರಡೂ ಒಂದಕ್ಕೊಂದು ಎದುರಾಗಿ ನಿಲ್ಲುತ್ತವೆ.

ಹೊರಗೆ ಕಾಣದ ರಕ್ತ

ಯಂತ್ರ ಏನು ಮಾಡುತ್ತದೆ ಎಂಬುದರಿಂದ ಹೊರಡೋಣ. ಕಬ್ಬಿನ ಹಂಗಾಮಿನಲ್ಲಿ ಮಂಡ್ಯದ ರಸ್ತೆಗಳಲ್ಲಿ ರಾತ್ರಿ ಹೊತ್ತು ಹಿಂದೀಪವಿಲ್ಲದ ಟ್ರ್ಯಾಕ್ಟರ್ ನಿಂತಿರುವುದು ಹೊಸದಲ್ಲ. ಅದಕ್ಕೆ ಹಿಂದಿನಿಂದ ಗುದ್ದಿದ ಬೈಕ್ ಸವಾರನಿಗೆ ಮೊಣಕೈ ತರಚಿದೆ, ತುಟಿ ಒಡೆದಿದೆ, ಹ್ಯಾಂಡಲ್ ಹೊಟ್ಟೆಗೆ ಬಡಿದಿದೆ. ಎದ್ದು ಕೂತಿದ್ದಾನೆ, ನೀರು ಕೇಳುತ್ತಾನೆ. ಸುತ್ತ ಸೇರಿದವರು ‘ಏನೂ ಆಗಿಲ್ಲ’ ಎನ್ನುತ್ತಾರೆ. ಆದರೆ ಎಡಪಕ್ಕೆಯೊಳಗಿನ ಗುಲ್ಮ (ಸ್ಪ್ಲೀನ್) ಹರಿದಿದ್ದರೆ ರಕ್ತ ಹೊರಗೆ ಬರುವುದಿಲ್ಲ, ಹೊಟ್ಟೆಯ ಕುಹರದೊಳಗೇ ತುಂಬಿಕೊಳ್ಳುತ್ತದೆ. ಅಲ್ಲಿ ಲೀಟರ್‌ಗಟ್ಟಲೆ ರಕ್ತಕ್ಕೆ ಜಾಗವಿದೆ.

ಯುವಕರಲ್ಲಿ ಇದು ಇನ್ನಷ್ಟು ಮೋಸ ಮಾಡುತ್ತದೆ. ರಕ್ತ ಕಡಿಮೆಯಾದಂತೆ ದೇಹ ರಕ್ತನಾಳಗಳನ್ನು ಬಿಗಿಹಿಡಿದು, ಹೃದಯದ ಬಡಿತ ಹೆಚ್ಚಿಸಿ ಒತ್ತಡವನ್ನು ಕಾಯ್ದುಕೊಳ್ಳುತ್ತದೆ. ಒಟ್ಟು ರಕ್ತದಲ್ಲಿ ಸುಮಾರು ಶೇ 30ರಷ್ಟು ಹೋಗುವವರೆಗೂ ಬಿ.ಪಿ. ಯಂತ್ರ ಸಮಾಧಾನದ ಅಂಕಿಯನ್ನೇ ತೋರಿಸಬಹುದು. ಅದು ಕುಸಿಯಿತು ಎಂದರೆ ಒಂದೂವರೆ ಲೀಟರ್ ರಕ್ತ ಆಗಲೇ ಹೋಗಿದೆ ಎಂದರ್ಥ. ಅಲ್ಲಿಂದ ಮುಂದೆ ಕುಸಿತ ಮೆಟ್ಟಿಲಿಳಿದಂತೆ ಇರುವುದಿಲ್ಲ, ಕಂದಕಕ್ಕೆ ಬಿದ್ದಂತೆ ಇರುತ್ತದೆ.

ಅಲ್ಟ್ರಾಸೌಂಡ್ ಈ ನಡುವಿನ ಅವಧಿಯಲ್ಲಿ ಕಣ್ಣಾಗುತ್ತದೆ. ಅಂಗಾತ ಮಲಗಿದವನ ಹೊಟ್ಟೆಯಲ್ಲಿ ರಕ್ತ ಸೋರಿದರೆ ಅದು ಮೊದಲು ಸೇರುವ ತಗ್ಗುಗಳು ಗೊತ್ತಾದ ಜಾಗಗಳು. ಬಲಪಕ್ಕೆಗೆ ಜೆಲ್ ಸವರಿ, ಕೆಳಗಿನ ಪಕ್ಕೆಲುಬುಗಳ ನಡುವೆ ಪ್ರೋಬ್, ಅಂದರೆ ಯಂತ್ರದ ಮೈಗೆ ತಾಗಿಸುವ ಭಾಗ, ಇಟ್ಟರೆ ಪರದೆಯಲ್ಲಿ ಬೂದು ಬಣ್ಣದ ಲಿವರ್, ಅದಕ್ಕೆ ಅಂಟಿಕೊಂಡಂತೆ ಹುರುಳಿಕಾಳಿನ ಆಕಾರದ ಮೂತ್ರಪಿಂಡ ಕಾಣುತ್ತದೆ. ಆರೋಗ್ಯವಂತರಲ್ಲಿ ಇವೆರಡರ ನಡುವೆ ತೆಳುವಾದ ಬಿಳಿ ಗೆರೆ ಮಾತ್ರ. ಆ ಗೆರೆ ಬಿಚ್ಚಿಕೊಂಡು ನಡುವೆ ಕಪ್ಪು ಪಟ್ಟಿ ಮೂಡಿದ್ದರೆ ಅಲ್ಲಿ ದ್ರವ ನಿಂತಿದೆ. ಅಪಘಾತವಾದವನಲ್ಲಿ ಅದನ್ನು ರಕ್ತವೆಂದೇ ತಿಳಿಯಬೇಕು. ಎಡಪಕ್ಕೆಯಲ್ಲಿ ಗುಲ್ಮದ ಸುತ್ತ, ಎದೆಗೂಡಿನ ಕೆಳಗಿನಿಂದ ಹೃದಯದ ಸುತ್ತ, ಕಿಬ್ಬೊಟ್ಟೆಯಲ್ಲಿ ಮೂತ್ರಕೋಶದ ಹಿಂದೆ, ಹೀಗೆ ಒಟ್ಟು ನಾಲ್ಕು ಕಿಟಕಿಗಳು. ಇದಕ್ಕೆ ‘ಫಾಸ್ಟ್’ ಪರೀಕ್ಷೆ ಎಂದು ಹೆಸರು. ಜೊತೆಗೆ ಎದೆಯ ಎರಡೂ ಬದಿಯನ್ನು ನೋಡಿದರೆ ‘ಇ-ಫಾಸ್ಟ್’. ಶ್ವಾಸಕೋಶ ಸರಿಯಿದ್ದರೆ ಉಸಿರಾಡಿದಾಗಲೆಲ್ಲ ಪಕ್ಕೆಲುಬಿನ ಕೆಳಗಿನ ಗೆರೆಯೊಂದು ಇರುವೆ ಸಾಲು ಹರಿದಂತೆ ಮಿನುಗುತ್ತದೆ. ಹೊರಗೆ ಗಾಳಿ ತುಂಬಿ ಶ್ವಾಸಕೋಶ ಕುಗ್ಗಿದ್ದರೆ ಆ ಇರುವೆ ಸಾಲು ನಿಂತುಬಿಡುತ್ತದೆ.

ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಇದು 1990ರ ದಶಕದಿಂದಲೂ ರೂಢಿಯಲ್ಲಿದೆ. ಯಂತ್ರ ಅಂಗೈಗೆ ಇಳಿದದ್ದು ಮಾತ್ರ ಇತ್ತೀಚೆಗೆ. ಶಬ್ದದ ಅಲೆ ಹೊಮ್ಮಿಸುವ ಒಳಗಿನ ಹರಳುಗಳ ಬದಲು ಒಂದೇ ಚಿಪ್ ಬಳಸುವ, ಮೊಬೈಲಿಗೆ ಜೋಡಿಸುವ ಸಾಧನಕ್ಕೆ ಅಮೆರಿಕದಲ್ಲಿ 2017ರಲ್ಲಿ ಅನುಮತಿ ಸಿಕ್ಕಿತು. ಬೆಲೆ 2,000 ಡಾಲರ್‌ಗಿಂತ ಕೆಳಗಿಳಿಯಿತು. ಕೋಣೆಯ ಮೂಲೆಯಲ್ಲಿ ಗಾಲಿಯ ಮೇಲೆ ನಿಲ್ಲುತ್ತಿದ್ದ ಯಂತ್ರ ಜೇಬಿಗೆ ಬಂದ ಕೂಡಲೇ ‘ಹಾಗಾದರೆ ಆಂಬುಲೆನ್ಸ್‌ನಲ್ಲಿ ಏಕಿರಬಾರದು’ ಎಂಬ ಪ್ರಶ್ನೆ ಎದ್ದಿತು. ಜೇಬಿಗೆ ಬಂದದ್ದು ಆಲೆಮನೆಗೂ ಹೋಗುತ್ತದೆ ಎಂಬುದು ಅದರ ಇನ್ನೊಂದು ಮುಖ.

ಕಾನೂನು ಏನು ಹೇಳುತ್ತದೆ

ಭ್ರೂಣದ ಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರದ್ದು. 1996ರಿಂದ ಜಾರಿಯಲ್ಲಿದೆ, 2003ರಲ್ಲಿ ತಿದ್ದುಪಡಿಯಾಗಿ ಬಿಗಿಯಾಯಿತು. ಇದನ್ನು ಪಿಸಿಪಿಎನ್‌ಡಿಟಿ ಕಾಯ್ದೆ ಎನ್ನುತ್ತಾರೆ. ಸ್ಕ್ಯಾನಿಂಗ್ ಕೇಂದ್ರಗಳ ಗೋಡೆಯ ಮೇಲೆ ‘ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಇರುವುದು ಇದರಿಂದಲೇ.

ಹಲವರು ತಪ್ಪು ತಿಳಿಯುವುದು ಇಲ್ಲಿ: ಕಾಯ್ದೆ ಗರ್ಭಿಣಿಯ ಸ್ಕ್ಯಾನಿಂಗ್ ಮೇಲೆ ಮಾತ್ರ ಕಣ್ಣಿಟ್ಟಿಲ್ಲ, ಯಂತ್ರದ ಮೇಲೆಯೇ ಕಣ್ಣಿಟ್ಟಿದೆ. ಲಿಂಗ ಪತ್ತೆಗೆ ಬಳಸಲು *ಸಾಧ್ಯವಿರುವ* ಯಾವುದೇ ಯಂತ್ರವನ್ನು ನೋಂದಣಿ ಇಲ್ಲದವರಿಗೆ ಮಾರುವಂತಿಲ್ಲ. ನೀವು ಅದರಿಂದ ಗಂಡಸರ ಹೊಟ್ಟೆಯನ್ನಷ್ಟೇ ನೋಡುತ್ತೀರಿ ಎಂದು ಪ್ರಮಾಣ ಮಾಡಿದರೂ ನೋಂದಣಿ ತಪ್ಪದು. 2012ರಲ್ಲಿ ಕೇಂದ್ರ ಸರ್ಕಾರ ಕೈಯಲ್ಲಿ ಒಯ್ಯುವ ಯಂತ್ರಗಳಿಗೇ ಪ್ರತ್ಯೇಕ ನಿಯಮ ಸೇರಿಸಿತು. ಅದರ ಪ್ರಕಾರ ಇಂಥ ಯಂತ್ರಕ್ಕೆ ಎರಡೇ ಜಾಗ. ಒಂದು, ನೋಂದಣಿಯಾದ ಆಸ್ಪತ್ರೆಯ ಆವರಣದೊಳಗೆ, ಒಳರೋಗಿಗಳಿಗಾಗಿ. ಎರಡು, ಇತರ ಹಲವು ಆರೋಗ್ಯ ಸೇವೆಗಳನ್ನೂ ಕೊಡುವ ಸಂಚಾರಿ ವೈದ್ಯಕೀಯ ಘಟಕದ ಭಾಗವಾಗಿ.

108 ವಾಹನವನ್ನು ಈ ಎರಡನೆಯ ಬಾಗಿಲಿನಿಂದ ಒಳಗೆ ತರಬಹುದಲ್ಲ ಎಂದು ಕೇಳಬಹುದು. ಹಾಗೆ ವಾದಿಸಲು ಎಡೆಯಿದೆ. ಆದರೆ ಬಾಗಿಲು ದಾಟಿದ ಮೇಲೆ ಗೋಡೆಯೊಂದಿದೆ: ಯಂತ್ರವನ್ನು ಯಾರು ಹಿಡಿಯಬೇಕು ಎಂಬುದು. ರೇಡಿಯಾಲಜಿ ತಜ್ಞರು, ಸ್ತ್ರೀರೋಗ ತಜ್ಞರು, ಇಲ್ಲವೇ 2014ರ ನಿಯಮಗಳಂತೆ ಆರು ತಿಂಗಳ ತರಬೇತಿ ಪಡೆದ ನೋಂದಾಯಿತ ವೈದ್ಯರು; ಪಟ್ಟಿ ಅಲ್ಲಿಗೆ ಮುಗಿಯುತ್ತದೆ. 108 ವಾಹನದಲ್ಲಿ ಇರುವವರು ಚಾಲಕ, ಅಂದರೆ ಅವರ ಭಾಷೆಯಲ್ಲಿ ‘ಪೈಲಟ್’, ಮತ್ತು ‘ಇಎಂಟಿ’ ಎಂದು ಕರೆಯುವ ತುರ್ತು ಚಿಕಿತ್ಸಾ ತಂತ್ರಜ್ಞ. ಇವರಿಬ್ಬರೂ ವೈದ್ಯರಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ಪ್ಯಾರಾಮೆಡಿಕ್‌ಗಳನ್ನು ಒಂದು ವೃತ್ತಿಯಾಗಿ ಗುರುತಿಸಿತು. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ತುರ್ತು ಹಾಗೂ ಅಪಘಾತ ಚಿಕಿತ್ಸಾ ತಂತ್ರಜ್ಞಾನದ ಬಿಎಸ್ಸಿ ಪದವಿಯೂ ಇದೆ. ಆದರೆ ಆ ಗುರುತು ಇವರ ಕೈಗೆ ಸ್ಕ್ಯಾನಿಂಗ್ ಪ್ರೋಬ್ ಕೊಡುವುದಿಲ್ಲ.

ಶಿಕ್ಷೆಯೂ ಹಗುರವಲ್ಲ. ಮೊದಲ ಬಾರಿಗೆ ಮೂರು ವರ್ಷದವರೆಗೆ ಸೆರೆ, ಪ್ರಕರಣ ಜಾಮೀನುರಹಿತ. ದಾಖಲೆ ತುಂಬುವಲ್ಲಿನ ಲೋಪವನ್ನು ‘ಗುಮಾಸ್ತರ ತಪ್ಪು’ ಎಂದು ತಳ್ಳಿಹಾಕಲಾಗದು ಎಂದು 2019ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಪ್ರಸೂತಿ ತಜ್ಞರ ಒಕ್ಕೂಟವೇ ಆ ಪ್ರಕರಣದಲ್ಲಿ ವಿನಾಯಿತಿ ಕೇಳಿ ಸೋತದ್ದು. ತಜ್ಞ ವೈದ್ಯರಿಗೇ ಸಿಗದ ಸಡಿಲಿಕೆ ಆಂಬುಲೆನ್ಸ್ ಸಿಬ್ಬಂದಿಗೆ ಸುಲಭವಾಗಿ ಸಿಕ್ಕೀತೆಂದು ನಂಬುವುದು ಕಷ್ಟ.

ನಾಲ್ಕನೆಯ ಕಿಟಕಿ

ತುರ್ತು ಚಿಕಿತ್ಸಾ ವೈದ್ಯರು ಈ ಕಾನೂನನ್ನು ಟೀಕಿಸುವಾಗ ಸಾಮಾನ್ಯವಾಗಿ ಹೇಳುವ ಮಾತು: ‘ನಾವು ನೋಡುವುದು ರಕ್ತವನ್ನು, ಭ್ರೂಣವನ್ನಲ್ಲ.’ ಮಾತು ಸತ್ಯ, ಆದರೆ ಪೂರ್ತಿ ಸತ್ಯವಲ್ಲ. ಫಾಸ್ಟ್ ಪರೀಕ್ಷೆಯ ನಾಲ್ಕು ಕಿಟಕಿಗಳಲ್ಲಿ ಕೊನೆಯದು ಕಿಬ್ಬೊಟ್ಟೆಯದು. ಮೂತ್ರಕೋಶದ ಹಿಂದೆ ರಕ್ತ ನಿಂತಿದೆಯೇ ಎಂದು ನೋಡಲು ಪ್ರೋಬ್ ಇಡುವ ಜಾಗವೂ ಗರ್ಭಕೋಶವನ್ನು ನೋಡಲು ಪ್ರೋಬ್ ಇಡುವ ಜಾಗವೂ ಒಂದೇ. ಬೇಕಾದ ಪ್ರೋಬ್ ಒಂದೇ, ಆಳ ಒಂದೇ. ಗರ್ಭನಾಳದಲ್ಲಿ ಬೆಳೆದ ಗರ್ಭ ಒಡೆದು ಹೆಣ್ಣುಮಗಳೊಬ್ಬಳು ಕುಸಿದುಬಿದ್ದಾಗ ಈ ಕಿಟಕಿಯೇ ಅವಳ ಜೀವ ಉಳಿಸುವ ಸುಳಿವು ಕೊಡುತ್ತದೆ. ಅಂದರೆ ಹೆಂಗಸರಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವ ನೋಟವೂ ಅತಿ ಹೆಚ್ಚು ದುರುಪಯೋಗವಾಗುವ ನೋಟವೂ ಕೂದಲೆಳೆಯ ಅಂತರದಲ್ಲಿವೆ. ಯಂತ್ರಕ್ಕೆ ಉದ್ದೇಶ ತಿಳಿಯದು. ಕಾನೂನಿಗೂ ಅದನ್ನು ಅಳೆಯುವ ಸಾಧನವಿಲ್ಲ.

ಆದ್ದರಿಂದಲೇ ಮಹಿಳಾ ಸಂಘಟನೆಗಳೂ ಕಾಯ್ದೆಯ ಪರ ಹೋರಾಡಿದವರೂ ಯಾವ ಸಡಿಲಿಕೆಗೂ ಒಪ್ಪುವುದಿಲ್ಲ. 2020ರ ಏಪ್ರಿಲ್‌ನಲ್ಲಿ, ಕೋವಿಡ್ ಲಾಕ್‌ಡೌನ್ ನಡುವೆ, ಕೇಂದ್ರ ಆರೋಗ್ಯ ಸಚಿವಾಲಯ ನೋಂದಣಿ ನವೀಕರಣ ಮತ್ತು ಮಾಸಿಕ ವರದಿಯಂಥ ಕೆಲವು ನಿಯಮಗಳನ್ನು ಜೂನ್ ಕೊನೆಯವರೆಗೆ ಅಮಾನತಿನಲ್ಲಿಟ್ಟಿತು. ಅಷ್ಟಕ್ಕೇ ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಹೊರಗಿನವರಿಗೆ ಇದು ಅತಿಯೆನಿಸಬಹುದು. ಮಂಡ್ಯದವರಿಗೆ ಹಾಗೆ ಅನ್ನಿಸಬಾರದು. ಆಲೆಮನೆ ಪ್ರಕರಣದ ಬಿಸಿ ಆರುವ ಮೊದಲೇ, 2024ರ ಮೇ ತಿಂಗಳಲ್ಲಿ, ಪಾಂಡವಪುರದಲ್ಲಿ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಅಕ್ರಮ ಗರ್ಭಪಾತ ನಡೆಯುತ್ತಿದ್ದದ್ದು ಬೆಳಕಿಗೆ ಬಂತು. ಇಲಾಖೆಯ ಸೂರಿನಡಿಯೇ ಹೀಗಾದರೆ, ಜಿಲ್ಲೆಯ ಉದ್ದಗಲಕ್ಕೆ ಹಗಲೂ ರಾತ್ರಿಯೂ ಓಡಾಡುವ ವಾಹನಗಳಲ್ಲಿ ಯಂತ್ರ ಇಟ್ಟರೆ ಕಾಯುವವರು ಯಾರು ಎಂಬ ಪ್ರಶ್ನೆಯನ್ನು ಅತಿರೇಕ ಎನ್ನಲಾಗದು. ಕಾಯ್ದೆಯನ್ನು ಅಧಿಕಾರಿಗಳ ಮೊಂಡುತನ ಎಂದು ಗೇಲಿ ಮಾಡುವವರು ಮೊದಲು ಈ ಜಿಲ್ಲೆಯ ಕಥೆಗೆ ಉತ್ತರ ಕೊಡಬೇಕು.

ವೈದ್ಯರಲ್ಲೇ ಒಮ್ಮತವಿಲ್ಲ

ಕಾನೂನನ್ನು ಬದಿಗಿಟ್ಟು ಬರೀ ವೈದ್ಯಕೀಯವಾಗಿ ನೋಡಿದರೂ ಚಿತ್ರ ಸುದ್ದಿಗಳಲ್ಲಿ ಕಾಣುವಷ್ಟು ಹೊಳೆಯುವುದಿಲ್ಲ.

ಪರವಾಗಿ ಹೆಚ್ಚು ಉಲ್ಲೇಖವಾಗುವುದು 2006ರಲ್ಲಿ ಪ್ರಕಟವಾದ ಜರ್ಮನಿಯ ಫ್ರಾಂಕ್‌ಫರ್ಟ್ ತಂಡದ ಅಧ್ಯಯನ. 230 ಗಾಯಾಳುಗಳನ್ನು ಅದಕ್ಕೆ ಸೇರಿಸಿಕೊಂಡಿದ್ದರು. ಅಪಘಾತದ ಸ್ಥಳದಲ್ಲಿ ಸ್ಕ್ಯಾನಿಂಗ್‌ಗೆ ಹಿಡಿದದ್ದು ಸುಮಾರು ಎರಡೂವರೆ ನಿಮಿಷ. ಆಸ್ಪತ್ರೆಯ ಸ್ಕ್ಯಾನಿಂಗ್‌ಗಿಂತ ಸರಾಸರಿ 35 ನಿಮಿಷ ಮೊದಲೇ ಫಲಿತಾಂಶ ಕೈಸೇರಿತು. ಶೇ 30ರಷ್ಟು ಮಂದಿಯ ಚಿಕಿತ್ಸೆ ಅಥವಾ ನಿರ್ವಹಣೆ ಅದರಿಂದ ಬದಲಾಯಿತು, ಶೇ 22ರಷ್ಟು ಮಂದಿಯನ್ನು ಬೇರೆ ಆಸ್ಪತ್ರೆಗೆ ಒಯ್ದರು. ಈ ಕೊನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ. ಒಂದು ವ್ಯತ್ಯಾಸವನ್ನೂ ಗಮನಿಸಬೇಕು: ಜರ್ಮನಿಯಲ್ಲಿ ಗಂಭೀರ ಅಪಘಾತಕ್ಕೆ ವೈದ್ಯರೇ ಹೋಗುತ್ತಾರೆ.

ಎದುರು ತಕ್ಕಡಿಯಲ್ಲಿ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ಪರಾಮರ್ಶೆ ಇದೆ. 34 ಅಧ್ಯಯನಗಳ 8,635 ಗಾಯಾಳುಗಳ ಲೆಕ್ಕ ಹಾಕಿದ ಅದು, ಎದೆ ಮತ್ತು ಹೊಟ್ಟೆಯ ಪೆಟ್ಟನ್ನು ಈ ಸ್ಕ್ಯಾನಿಂಗ್ ಗುರುತಿಸುವ ಪ್ರಮಾಣ ಶೇ 74 ಎಂದಿತು. ‘ಇದೆ’ ಎಂದು ಯಂತ್ರ ಹೇಳಿದರೆ ಬಹುಪಾಲು ನಂಬಬಹುದು, ‘ಇಲ್ಲ’ ಎಂದರೆ ನಂಬುವಂತಿಲ್ಲ ಎಂಬುದು ಇದರ ಸರಳ ಅರ್ಥ. ನಿಜವಾಗಿ ಪೆಟ್ಟಾದ ನೂರು ಮಂದಿಯಲ್ಲಿ 26 ಮಂದಿ ಕಣ್ತಪ್ಪಿ ಹೋಗುತ್ತಾರೆ. ಸೊಂಟದ ಮೂಳೆ ಮುರಿದು ಬೆನ್ನಿನ ಕಡೆ ಸೋರುವ ರಕ್ತ ಈ ಕಿಟಕಿಗಳಲ್ಲಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಆಸ್ಪತ್ರೆಯ ಮಂಚದ ಮೇಲೆಯೇ ಹೀಗಿದ್ದರೆ, ಉಬ್ಬು ಹಾರುವ ಸರ್ವೀಸ್ ರಸ್ತೆಯಲ್ಲಿ ಒಂದು ಕೈಯಲ್ಲಿ ಸ್ಟ್ರೆಚರ್ ಹಿಡಿದು ಇನ್ನೊಂದು ಕೈಯಲ್ಲಿ ಪ್ರೋಬ್ ಹಿಡಿಯುವ ಇಎಂಟಿಗೆ ಇದಕ್ಕಿಂತ ಚೆನ್ನಾಗಿ ಕಂಡೀತೆಂದು ಹೇಳುವುದು ಹೇಗೆ? ಕೈ ಪಳಗಲು ಒಂದೊಂದು ಬಗೆಯ ಪರೀಕ್ಷೆಗೂ 25ರಿಂದ 50 ಸ್ಕ್ಯಾನಿಂಗ್‌ಗಳನ್ನು ತಜ್ಞರ ಕಣ್ಗಾವಲಿನಲ್ಲಿ ಮಾಡಿರಬೇಕು ಎಂಬುದು ಅಮೆರಿಕದ ತುರ್ತು ವೈದ್ಯರ ಸಂಘದ ಅಳತೆ. ರೇಡಿಯಾಲಜಿ ತಜ್ಞರ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ. ಅದರಲ್ಲಿ ತಮ್ಮ ವೃತ್ತಿಯ ಬೇಲಿ ಕಾಯುವ ಕಾಳಜಿಯೂ ಸ್ವಲ್ಪ ಬೆರೆತಿದೆ. ಹಾಗೆಂದು ವಾದದ ತಿರುಳು ಸುಳ್ಳಾಗುವುದಿಲ್ಲ.

ಯಂತ್ರ ಕೈಯಲ್ಲಿದ್ದರೆ ಕೆಲಸ ಕೆಡುವ ಸಂದರ್ಭವೂ ಉಂಟು. ಹೃದಯ ನಿಂತವನಿಗೆ ಎದೆ ಒತ್ತುವಾಗ ನಡುವಿನ ಬಿಡುವು ಹತ್ತು ಸೆಕೆಂಡ್ ಮೀರಬಾರದು. ಆ ಬಿಡುವಿನಲ್ಲಿ ಅಲ್ಟ್ರಾಸೌಂಡ್ ಬಳಸಿದಾಗ ಅದು 13ರಿಂದ 21 ಸೆಕೆಂಡಿಗೆ ಏರಿತ್ತು ಎಂದು 2017ರ ಆಸ್ಪತ್ರೆಯೊಂದರ ಅಧ್ಯಯನ ದಾಖಲಿಸಿತು. ಪರದೆ ಮುಂದಿದ್ದರೆ ಕಣ್ಣು ರೋಗಿಯನ್ನು ಬಿಟ್ಟು ಪರದೆಯ ಮೇಲೇ ನಿಲ್ಲುತ್ತದೆ. ಇದು ಪ್ಯಾರಾಮೆಡಿಕ್‌ಗಳ ದೌರ್ಬಲ್ಯ ಮಾತ್ರವಲ್ಲ, ಪರದೆಯಿರುವ ಎಲ್ಲರದ್ದೂ.

ರಕ್ತ ಕಂಡಿತು. ಮುಂದೆ?

ನನ್ನ ದೃಷ್ಟಿಯಲ್ಲಿ ಇಡೀ ಚರ್ಚೆಯ ಹೃದಯ ಇರುವುದು ಇಲ್ಲಿ. ಸುದ್ದಿಗಳು ಇದನ್ನೇ ಬಿಟ್ಟುಬಿಡುತ್ತವೆ.

ಶ್ರೀರಂಗಪಟ್ಟಣದ ಬಳಿ ಅಪಘಾತವಾಗಿದೆ ಎಂದುಕೊಳ್ಳೋಣ. 2023ರ ಮಾರ್ಚ್‌ನಲ್ಲಿ ಮಂಡ್ಯದಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಇದೇ ಊರಿನ ಬದಿಯಲ್ಲಿ ಹಾದುಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಅವೆಲ್ಲ ಸರ್ವೀಸ್ ರಸ್ತೆಗೆ ಇಳಿದವು. ಗಾಯಾಳುವನ್ನು ಹತ್ತಿಸಿಕೊಂಡ ಆಂಬುಲೆನ್ಸ್ ಮುಂದೆ ಮೂರು ದಾರಿ. ಊರೊಳಗಿನ ತಾಲ್ಲೂಕು ಆಸ್ಪತ್ರೆ ಐದು ನಿಮಿಷದಲ್ಲಿ ಸಿಗುತ್ತದೆ. ಜಿಲ್ಲಾ ಕೇಂದ್ರ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್ ಸುಮಾರು 27 ಕಿಲೋಮೀಟರ್. ಬೇರೆ ಜಿಲ್ಲೆಯಾದರೂ ಮೈಸೂರಿನ ಕೆ.ಆರ್. ಆಸ್ಪತ್ರೆ, ಜನರ ಬಾಯಲ್ಲಿ ದೊಡ್ಡಾಸ್ಪತ್ರೆ, 16 ಕಿಲೋಮೀಟರ್ ಆಸುಪಾಸು.

ಹತ್ತಿರದ ಆಸ್ಪತ್ರೆಗೆ ಒಯ್ಯುವುದು ಸಹಜ ಪ್ರವೃತ್ತಿ. ಹೊಟ್ಟೆ ಕೊಯ್ದು ಗುಲ್ಮ ತೆಗೆಯಬಲ್ಲ ಸರ್ಜನ್, ಅರಿವಳಿಕೆ ತಜ್ಞರು, ರಕ್ತನಿಧಿ ಇಷ್ಟೂ ರಾತ್ರಿ ಹೊತ್ತು ಅಲ್ಲಿ ಒಟ್ಟಿಗೆ ಸಿಗದಿದ್ದರೆ ಡ್ರಿಪ್ ಹಾಕಿ, ಚೀಟಿ ಬರೆದು ‘ಮೇಲಿನ ಆಸ್ಪತ್ರೆ’ಗೆ ಕಳಿಸುತ್ತಾರೆ. ಅಲ್ಲಿಂದ ಇನ್ನೊಂದು ಆಂಬುಲೆನ್ಸ್, ಇನ್ನೊಂದು ಕ್ಯಾಶುವಾಲಿಟಿ, ಮತ್ತೆ ಮೊದಲಿನಿಂದ ಹೆಸರು, ವಯಸ್ಸು, ಊರು. ‘ರೆಫರ್ ಮಾಡಿದರು’ ಎಂಬ ಒಂದು ಮಾತಿನ ಹಿಂದೆ ಎಷ್ಟು ನಿಮಿಷ ಸುರಿದುಹೋಗಿರುತ್ತವೆ ಎಂಬುದು ಈ ಭಾಗದ ಯಾವ ಮನೆಗೂ ವಿವರಿಸಬೇಕಾದ್ದಲ್ಲ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯೇ ‘ಸುವರ್ಣ ಗಂಟೆ’ ಎಂದರೆ ಪೆಟ್ಟಾದ ನಂತರದ ಒಂದು ಗಂಟೆ ಎಂದು ವ್ಯಾಖ್ಯಾನಿಸಿದೆ. ಆ ಗಂಟೆ ಮುಗಿಯುವುದು ಬಹುಪಾಲು ರಸ್ತೆಯಲ್ಲಲ್ಲ, ಎರಡು ಆಸ್ಪತ್ರೆಗಳ ನಡುವೆ.

ಸ್ಕ್ಯಾನಿಂಗ್‌ಗೆ ಬೆಲೆ ಬರುವುದು ಈ ಕೊಂಡಿಯನ್ನು ಕತ್ತರಿಸಿದರೆ ಮಾತ್ರ. ಕಪ್ಪು ಪಟ್ಟಿ ಕಂಡ ಕೂಡಲೇ ಇಎಂಟಿ ತಾಲ್ಲೂಕು ಆಸ್ಪತ್ರೆಯನ್ನು ದಾಟಿ ನೇರ ಮೈಸೂರಿಗೆ ಹೊರಡಬಹುದು ಎಂಬ ಲಿಖಿತ ಅಧಿಕಾರ ಇರಬೇಕು. ‘ಹೊಟ್ಟೆಯಲ್ಲಿ ರಕ್ತ ಇದೆ ಸರ್, ಇಪ್ಪತ್ತು ನಿಮಿಷದಲ್ಲಿ ಅಲ್ಲಿರುತ್ತೇವೆ’ ಎಂದು ಫೋನ್ ಮಾಡಿದರೆ ಆ ಕಡೆ ಎತ್ತುವವರು ಇರಬೇಕು. ಎತ್ತಿದವರು ಆಪರೇಷನ್ ಥಿಯೇಟರ್ ಸಿದ್ಧ ಮಾಡಿಸಿ, ಒ-ನೆಗೆಟಿವ್ ರಕ್ತ ತರಿಸಿಡುವಂತಿರಬೇಕು. ಫ್ರಾಂಕ್‌ಫರ್ಟ್‌ನ ಶೇ 22 ಗಾಯಾಳುಗಳನ್ನು ಬೇರೆ ಆಸ್ಪತ್ರೆಗೆ ಒಯ್ದದ್ದರಿಂದ ಪ್ರಯೋಜನವಾಗಬೇಕಾದರೆ ಆ ಬೇರೆ ಆಸ್ಪತ್ರೆ ಕಾದು ನಿಂತಿರಬೇಕು. ಇಲ್ಲದಿದ್ದರೆ ಚಿತ್ರ ಮೊಬೈಲಿನಲ್ಲಿ ಉಳಿಯುತ್ತದೆ, ರಕ್ತ ಹೊಟ್ಟೆಯಲ್ಲಿ ಉಳಿಯುತ್ತದೆ.

ಹಣದ ಮಾತೂ ಸೇರಿಕೊಂಡಿದೆ. ಎಲ್ಲಿಗೆ ಒಯ್ಯಬೇಕು ಎಂದು ಗಾಯಾಳುವಿನ ಕಡೆಯವರು ತೀರ್ಮಾನಿಸುವಾಗ ಖರ್ಚಿನ ಭಯವೇ ಮುಂದಿರುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ ₹1.5 ಲಕ್ಷದ ನಗದುರಹಿತ ಚಿಕಿತ್ಸೆ ಸಿಗಬೇಕು. ಇದು ಸರಿಯಾಗಿ ನಡೆದರೆ ನೇರವಾಗಿ ಸರಿಯಾದ ಆಸ್ಪತ್ರೆಗೆ ಹೋಗುವ ಧೈರ್ಯ ಬರುತ್ತದೆ. ಸ್ಕ್ಯಾನಿಂಗ್ ಯಂತ್ರಕ್ಕಿಂತ ಹೆಚ್ಚು ಜನರ ದಾರಿಯನ್ನು ಅದು ಬದಲಿಸಬಹುದು.

ಅಗ್ಗದ ಔಷಧ, ಮರೆತ ಔಷಧ

ಇನ್ನೊಂದು ಕಿರಿಕಿರಿಯ ಪ್ರಶ್ನೆ. ಟ್ರಾನೆಕ್ಸಾಮಿಕ್ ಆಸಿಡ್ ಎಂಬ ಇಂಜೆಕ್ಷನ್ ರಕ್ತಸ್ರಾವವನ್ನು ತಗ್ಗಿಸುತ್ತದೆ. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಷ್-2 ಪ್ರಯೋಗ ಅದು ಸಾವನ್ನು ಕಡಿಮೆ ಮಾಡುತ್ತದೆಂದು ತೋರಿಸಿತು. ಪೆಟ್ಟಾಗಿ ಮೂರು ಗಂಟೆಯೊಳಗೆ ಕೊಡಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಬೆಲೆ ಕಡಿಮೆ. ಕೊಡಲು ಸ್ಕ್ಯಾನಿಂಗ್ ಬೇಕಿಲ್ಲ, ರಕ್ತ ಹೋಗುತ್ತಿರಬಹುದು ಎಂಬ ಬಲವಾದ ಅನುಮಾನ ಸಾಕು. ಸಾವು ತಗ್ಗಿಸುತ್ತದೆ ಎಂಬ ಗಟ್ಟಿ ಪುರಾವೆ ಈ ಇಂಜೆಕ್ಷನ್‌ಗೆ ಇದೆ, ಆಂಬುಲೆನ್ಸ್ ಅಲ್ಟ್ರಾಸೌಂಡ್‌ಗೆ ಇನ್ನೂ ಇಲ್ಲ. ಆದರೂ ಸುದ್ದಿಯಾಗುವುದು ಪರದೆಯಿರುವ ಯಂತ್ರವೇ. ಗಾಜಿನ ಆಂಪುಲ್ ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ.

2008ರ ನವೆಂಬರ್ 1ರಂದು ಆರಂಭವಾದ 108 ಸೇವೆ ಎಷ್ಟೋ ಜೀವ ಉಳಿಸಿದೆ. ಅದೇ ಸೇವೆಯ ಸಹಾಯವಾಣಿ 2022ರ ಸೆಪ್ಟೆಂಬರ್‌ನಲ್ಲಿ ತಾಂತ್ರಿಕ ದೋಷದಿಂದ ಕುಂಟಿದಾಗ ಕರೆಗಳು ಸೇರದೆ ರಾಜ್ಯವಿಡೀ ಪರದಾಡಿತ್ತು. ಸಿಬ್ಬಂದಿ ಸಂಬಳಕ್ಕಾಗಿ ಮುಷ್ಕರದ ಎಚ್ಚರಿಕೆ ಕೊಟ್ಟ ಸುದ್ದಿಯೂ ಹೊಸದಲ್ಲ. ತಿಂಗಳ ಸಂಬಳಕ್ಕೆ ಕಾಯುವವರ ಕೈಗೆ ಲಕ್ಷಾಂತರ ರೂಪಾಯಿಯ ಯಂತ್ರವನ್ನೂ ಮೂರು ವರ್ಷದ ಜೈಲಿನ ಭಯವನ್ನೂ ಒಟ್ಟಿಗೆ ಕೊಡುವುದು ಅವರಿಗೆ ಮಾಡುವ ಉಪಕಾರವಾಗಲಾರದು.

ಹೃದಯಕ್ಕೆ ಆದದ್ದು ಹೊಟ್ಟೆಗೆ ಏಕಾಗಬಾರದು

ಚಿತ್ರವೊಂದು ಕೊಂಡಿಯಾಗಿ ಕೆಲಸ ಮಾಡುವ ಮಾದರಿ ನಮ್ಮಲ್ಲೇ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ಹೃದ್ರೋಗ ಕೇಂದ್ರದ ತಜ್ಞರು ನೋಡುತ್ತಾರೆ. ಹೃದಯಾಘಾತ ಖಚಿತವಾದರೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ದುಬಾರಿ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ, ನಂತರ ದೊಡ್ಡ ಕೇಂದ್ರಕ್ಕೆ ಕಳಿಸುತ್ತಾರೆ. ಇಸಿಜಿ ಯಂತ್ರ ತಾಲ್ಲೂಕುಗಳಲ್ಲಿ ಮೊದಲೂ ಇತ್ತು. ಬದಲಾದದ್ದು ಅದನ್ನು ಓದುವ ಕಣ್ಣು, ಓದಿದ ಮೇಲೆ ಕೊಡಲು ಔಷಧ, ಕೊಟ್ಟ ಮೇಲೆ ಹೋಗಲು ಜಾಗ. ಈ ಮೂರು ಸೇರಿದ್ದರಿಂದ ಇಸಿಜಿ ಕಾಗದಕ್ಕೆ ಜೀವ ಬಂತು.

ಅಪಘಾತದ ಹೊಟ್ಟೆಗೆ ಇಂಥ ‘ಕರಗಿಸುವ ಇಂಜೆಕ್ಷನ್’ ಇಲ್ಲ ಎಂಬುದು ನಿಜ. ಅಲ್ಲಿ ಪರಿಹಾರ ಚಾಕುವೇ. ಹಾಗಾಗಿ ಕೆ.ಆರ್. ಪೇಟೆ, ನಾಗಮಂಗಲ, ಎಚ್.ಡಿ. ಕೋಟೆಯಂಥ ದೂರದ ತಾಲ್ಲೂಕುಗಳಿಗೆ ಮೊದಲು ಬೇಕಾದದ್ದು ಎಲ್ಲಿ ಇಂದು ರಾತ್ರಿ ಸರ್ಜನ್ ಇದ್ದಾರೆ ಎಂದು 108ರ ನಿಯಂತ್ರಣ ಕೇಂದ್ರಕ್ಕೆ ತಿಳಿಸುವ ಒಂದು ಪಟ್ಟಿ.

ಬೀಗ ಹಾಕಿದ ಯಂತ್ರ

ಇಷ್ಟೆಲ್ಲ ಸರಿಹೋಯಿತು ಎಂದುಕೊಂಡರೂ ದುರುಪಯೋಗದ ಪ್ರಶ್ನೆ ಉಳಿಯುತ್ತದೆ. ಮಹಾರಾಷ್ಟ್ರದ ಕೊಲ್ಹಾಪುರದಲ್ಲಿ ಸ್ಕ್ಯಾನಿಂಗ್ ಯಂತ್ರಗಳಿಗೆ ‘ಸೈಲೆಂಟ್ ಅಬ್ಸರ್ವರ್’ ಎಂಬ ಸಾಧನ ಅಳವಡಿಸಿದ್ದರು. ಪ್ರತಿ ಸ್ಕ್ಯಾನಿಂಗ್ ಅದರಲ್ಲಿ ದಾಖಲಾಗುತ್ತಿತ್ತು. ವೈದ್ಯರು ಪ್ರಶ್ನಿಸಿದಾಗ 2011ರಲ್ಲಿ ಬಾಂಬೆ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮೊಬೈಲಿಗೆ ಜೋಡಿಸುವ ಯಂತ್ರದಲ್ಲಿ ಇದು ಇನ್ನೂ ಸುಲಭ: ಎಲ್ಲಿ, ಎಷ್ಟು ಹೊತ್ತಿಗೆ, ಏನು ಕಂಡಿತು ಎಂಬುದೆಲ್ಲ ತಾನಾಗಿಯೇ ದೂರದ ಸರ್ವರ್‌ಗೆ ಹೋಗುವಂತೆ ಮಾಡಬಹುದು, ವಾಹನದಿಂದ ದೂರ ಒಯ್ದರೆ ಸ್ಥಗಿತವಾಗುವಂತೆಯೂ ಮಾಡಬಹುದು. ಆದರೆ ಬೀಗ ಕಾಯುವುದು ನೋಂದಣಿಯಾದ ಯಂತ್ರವನ್ನು ಮಾತ್ರ. ನೋಂದಣಿಯನ್ನೇ ತಪ್ಪಿಸಿಕೊಂಡು ಬರುವ ಯಂತ್ರಗಳಿಗೆ ಯಾವ ಬೀಗವೂ ಇಲ್ಲ. ಇನ್ನು ಸರ್ವರ್‌ಗೆ ಬಂದ ಚಿತ್ರಗಳನ್ನು ಯಾರೂ ತೆರೆದು ನೋಡದಿದ್ದರೆ ಬೀಗ ಇದ್ದೂ ಒಂದೇ.

ನನಗೆ ಹೆಚ್ಚು ಒಪ್ಪಿಗೆಯಾಗುವುದು ಇದಕ್ಕಿಂತ ಚಿಕ್ಕ ದಾರಿ: ಹೊಟ್ಟೆಯನ್ನು ಬಿಟ್ಟು ಎದೆಯಿಂದ ಶುರುಮಾಡುವುದು. ಶ್ವಾಸಕೋಶದ ಇರುವೆ ಸಾಲನ್ನು ನೋಡಲು ಚರ್ಮದ ಕೆಳಗಿನ ಕೆಲವೇ ಸೆಂಟಿಮೀಟರ್ ಕಂಡರೆ ಸಾಕು. ಅದಕ್ಕೆ ಬಳಸುವ ಹೆಚ್ಚು ಆವರ್ತನದ ಚಪ್ಪಟೆ ಪ್ರೋಬ್ ಹೊಟ್ಟೆಯ ಆಳಕ್ಕೆ ಇಳಿಯುವುದಿಲ್ಲ, ಹಾಗಾಗಿ ಲಿಂಗ ಪತ್ತೆಗೆ ಆಕರ್ಷಕವೂ ಅಲ್ಲ. ಜೊತೆಗೆ, ಆಂಬುಲೆನ್ಸ್‌ನಲ್ಲೇ ಏನಾದರೂ ಮಾಡಬಹುದಾದ ಪೆಟ್ಟು ಎದೆಯದ್ದೇ. ಎದೆಗೂಡಿನಲ್ಲಿ ಗಾಳಿ ಒತ್ತಿ ಉಸಿರು ನಿಲ್ಲುತ್ತಿದ್ದರೆ, ತರಬೇತಿ ಮತ್ತು ಅನುಮತಿ ಇರುವ ಸಿಬ್ಬಂದಿ ನಿಯಂತ್ರಣ ಕೇಂದ್ರದ ವೈದ್ಯರನ್ನು ಫೋನಿನಲ್ಲಿ ಕೇಳಿ ಸೂಜಿ ಚುಚ್ಚಿ ಗಾಳಿ ಬಿಡಬಹುದು. ಹೊಟ್ಟೆಯ ರಕ್ತಕ್ಕೆ ಅಂಥ ಸೂಜಿಯಿಲ್ಲ. ಕಾನೂನಿನ ಭಯ ಕಡಿಮೆಯಿರುವ ಜಾಗವೂ ಚಿಕಿತ್ಸೆಯ ಲಾಭ ಹೆಚ್ಚಿರುವ ಜಾಗವೂ ಇಲ್ಲಿ ಒಂದಾಗುತ್ತವೆ. ಇಂಥ ಹೊಂದಾಣಿಕೆ ಅಪರೂಪ. ಆದರೂ ಇಂದಿನ ನಿಯಮದಲ್ಲಿ ‘ಸಾಧ್ಯವಿರುವ ಯಂತ್ರ’ ಎಂಬ ಪದ ಎಷ್ಟು ಅಗಲವಾಗಿದೆಯೆಂದರೆ ಕಾಯ್ದೆಯನ್ನು ಜಾರಿ ಮಾಡುವ ಜಿಲ್ಲಾ ಸಕ್ಷಮ ಪ್ರಾಧಿಕಾರ ಈ ಚಪ್ಪಟೆ ಪ್ರೋಬನ್ನೂ ಅದರೊಳಗೇ ಸೇರಿಸೀತು. ಪ್ರೋಬ್‌ನ ಬಗೆಯನ್ನು ಹೆಸರಿಸುವ ತಿದ್ದುಪಡಿ ದೆಹಲಿಯಿಂದಲೇ ಬರಬೇಕು. ಮಂಡ್ಯದ ಅಥವಾ ಬೆಂಗಳೂರಿನ ಯಾವ ಕಚೇರಿಯೂ ಅದನ್ನು ಕೊಡಲಾರದು.

ಅವಳು ಗರ್ಭಿಣಿಯಾಗಿದ್ದರೆ?

ತಿದ್ದುಪಡಿ ಬರೆಯುವವರು ಎದುರಿಸಲೇಬೇಕಾದ ಪ್ರಸಂಗ ಒಂದಿದೆ. ಮಳವಳ್ಳಿ ರಸ್ತೆಯಲ್ಲಿ ರಾತ್ರಿ ಎರಡು ಗಂಟೆಗೆ ಕಾರು ಮಗುಚಿದೆ, ಒಳಗಿದ್ದವಳಿಗೆ ಐದು ತಿಂಗಳು. ನಾಡಿ ಓಡುತ್ತಿದೆ, ಹೊಟ್ಟೆ ಬಿಗಿದಿದೆ. ಫಾಸ್ಟ್ ಪರೀಕ್ಷೆ ಯಾರಿಗಾದರೂ ಬೇಕಿದ್ದರೆ ಅದು ಇವಳಿಗೆ. ಕಾಯ್ದೆಯ ಪ್ರಕಾರ ಗರ್ಭಿಣಿಯ ಪ್ರತಿ ಸ್ಕ್ಯಾನಿಂಗ್‌ಗೂ ಫಾರಂ ‘ಎಫ್’ ತುಂಬಬೇಕು: ಗಂಡನ ಅಥವಾ ತಂದೆಯ ಹೆಸರು, ಈಗಿರುವ ಗಂಡು ಮಕ್ಕಳೆಷ್ಟು, ಹೆಣ್ಣು ಮಕ್ಕಳೆಷ್ಟು, ಸ್ಕ್ಯಾನಿಂಗ್‌ಗೆ ಕಾರಣವೇನು, ಭ್ರೂಣದ ಲಿಂಗ ತಿಳಿಯಲು ಬಯಸುವುದಿಲ್ಲ ಎಂಬ ಅವಳ ಸಹಿ. ಅವಳಿಗೆ ಪ್ರಜ್ಞೆಯಿಲ್ಲ, ಗಂಡ ಇನ್ನೊಂದು ಸ್ಟ್ರೆಚರ್‌ನಲ್ಲಿದ್ದಾನೆ. ಯಂತ್ರ ಇಎಂಟಿಯ ಜೇಬಿನಲ್ಲಿದೆ. ಅವನು ಅದನ್ನು ಹೊರತೆಗೆಯಬೇಕೇ ಎಂಬುದಕ್ಕೆ ಇಂದಿನ ಕಾನೂನಿನ ಉತ್ತರ ‘ಬೇಡ’.